ಹಸಿವಿಲ್ಲದ ಮೀನಿಗೆ ಉಪಚಾರ

ಊಟ ಮುಗಿಸಿಕೊಂಡೇ ಬಂದೆ ಎಂದವರಿಗೂ ಎಲೆ ಹಾಕಿ, "ಒಂದೇ ಒಂದು ಹೋಳಿಗೆ, ನನ್ನಾಣೆ" ಎಂದು ಬಡಿಸಿಬಿಡುವುದರಲ್ಲಿ ನಮ್ಮವರನ್ನು ಮೀರಿಸುವವರು ಭೂಮಿಯ ಮೇಲಿಲ್ಲ ಎಂದು ನಂಬಿಕೊಂಡಿದ್ದೆ. ಅಮೆರಿಕದ ವಾಯವ್ಯ ಮೂಲೆಗೆ ಬಂದು, ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಡಿಸೆಂಬರ್ ಚಳಿಗೆ ಸೊಂಟದುದ್ದ ನೀರಿನಲ್ಲಿ ನಿಂತಿರುವ ಗಾಳದವರನ್ನು ನೋಡಿದ ಮೇಲೆ ಆ ಹೆಮ್ಮೆ ಇಳಿದುಹೋಯಿತು. ಇವರು ಬೆಳಕು ಹರಿಯುವ ಮುಂಚೆ ಹೋಗಿ ನಿಂತು ಸಂಜೆಯವರೆಗೂ ಉಪಚಾರ ಮಾಡುವುದು ಸ್ಟೀಲ್‌ಹೆಡ್ ಎಂಬ ಮೀನಿಗೆ. ಅದಕ್ಕೋ ಹಸಿವೇ ಇಲ್ಲ. ಹಾಕಿಸಿಕೊಳ್ಳಿ ಎಂದರೆ ಮುಖ ಕೂಡ ತಿರುಗಿಸುವುದಿಲ್ಲ.

ಸ್ಟೀಲ್‌ಹೆಡ್ ಅಂದರೆ ಬೇರೆ ಏನೋ ಅಲ್ಲ, ರೇನ್‌ಬೋ ಟ್ರೌಟ್. ಹುಟ್ಟಿದ ಹೊಳೆಯಲ್ಲೇ ಉಳಿದುಕೊಂಡರೆ ರೇನ್‌ಬೋ. ಪೆಸಿಫಿಕ್ ಸಮುದ್ರಕ್ಕೆ ಇಳಿದು, ಒಂದೆರಡು ಮೂರು ವರ್ಷ ಚೆನ್ನಾಗಿ ತಿಂದುಂಡು, ಬೆಳ್ಳಿ ಮೈ ಮಾಡಿಕೊಂಡು ತವರಿಗೆ ಮರಳಿದರೆ ಸ್ಟೀಲ್‌ಹೆಡ್. ವಿಜ್ಞಾನಿಗಳ ಪುಸ್ತಕದಲ್ಲಿ ಎರಡಕ್ಕೂ ಒಂದೇ ಹೆಸರು, ಆಂಕೊರಿಂಕಸ್ ಮೈಕಿಸ್. ಚಳಿಗಾಲದ ತಂಡ ನವೆಂಬರ್‌ನಿಂದ ಏಪ್ರಿಲ್ ತನಕ ಹೊಳೆ ಹತ್ತುತ್ತದೆ. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಪೌಂಡ್ ತೂಕ. ಇಪ್ಪತ್ತು ದಾಟಿತೆಂದರೆ ಹಿಡಿದವನು ಅದನ್ನೇ ಜೀವನವಿಡೀ ಹೇಳಿಕೊಂಡು ತಿರುಗಬಹುದು, ತಿರುಗುತ್ತಾನೆ ಕೂಡ. ವಾಷಿಂಗ್ಟನ್ ಇದನ್ನು 1969ರಲ್ಲಿ ರಾಜ್ಯದ ಮೀನು ಎಂದು ಸಾರಿತು. ಮಿಕ್ಕ ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತವೆ. ಇದರಲ್ಲಿ ಕೆಲವು ಬದುಕುಳಿದು, ಸಮುದ್ರಕ್ಕೆ ಹೋಗಿ, ಮತ್ತೊಮ್ಮೆ ಬರುತ್ತವೆ. ಅಂಥ ಗಟ್ಟಿಪಿಂಡ.

ಹೊಳೆ ಹತ್ತುವ ಮೀನಿನ ತಲೆಯಲ್ಲಿ ಇರುವುದು ಸಂಸಾರದ ವಿಚಾರ. ಮೈಯಲ್ಲಿ ಸಮುದ್ರದ ಕೊಬ್ಬು ಇದೆ, ನೀರು ಐಸಿನಷ್ಟು ತಣ್ಣಗಿದೆ, ತಿನ್ನುವ ಗರಜೇನೂ ಇಲ್ಲ. ಹಾಗಿದ್ದರೆ ಕಚ್ಚುವುದಾದರೂ ಯಾಕೆ? ಮರಿಯಾಗಿದ್ದಾಗ ಇದೇ ಹೊಳೆಯಲ್ಲಿ ತೇಲಿಬರುತ್ತಿದ್ದ ಸಾಲ್ಮನ್ ಮೊಟ್ಟೆಗಳನ್ನು ಗುಳುಂ ಮಾಡಿ ಬೆಳೆದದ್ದು ಅದು. ಮೂಗಿನ ಮುಂದೆ ಕೆಂಪಗೆ ದುಂಡಗೆ ಏನಾದರೂ ಬಂದರೆ ಹಳೇ ಚಪಲ ಬಾಯಿ ತೆರೆಸುತ್ತದೆ ಎನ್ನುವವರಿದ್ದಾರೆ. ತನ್ನ ಜಾಗಕ್ಕೆ ಯಾರೋ ನುಗ್ಗಿದರೆಂಬ ಸಿಟ್ಟಿಗೆ ಕಚ್ಚುತ್ತದೆ ಎನ್ನುವವರಿದ್ದಾರೆ. ಕೈಯಿಲ್ಲದ ಪ್ರಾಣಿ, ಏನಿದು ಎಂದು ನೋಡಬೇಕಾದರೂ ಬಾಯಲ್ಲೇ ಹಿಡಿದು ನೋಡಬೇಕಲ್ಲ ಎನ್ನುವವರೂ ಇದ್ದಾರೆ. ನನಗೆ ಹಿಡಿಸಿದ್ದು ಈ ಮೂರನೆಯದು. ಅಂತೂ ಇದನ್ನು "ಸಾವಿರ ಎಸೆತದ ಮೀನು" ಎಂದು ಇಲ್ಲಿನವರೇ ಕರೆಯುತ್ತಾರೆ. ಕರೆದು, ಮತ್ತೆ ಎಸೆಯುತ್ತಾರೆ.

ಆ ಸಾಲ್ಮನ್ ಮೊಟ್ಟೆಯ ನಕಲೇ ಡ್ರಿಫ್ಟ್ ಲ್ಯೂರ್. ಗಟ್ಟಿಯಾದ, ಆದರೆ ನೀರಲ್ಲಿ ತೇಲುವ ಬಣ್ಣದ ಗುಂಡು. ಮಧ್ಯೆ ಆರಪಾರ ತೂತು. ದಾರಕ್ಕೆ ಪೋಣಿಸಿ, ಕೆಳಗೆ ಕೊಕ್ಕೆ ಕಟ್ಟಿ, ಮೇಲೆ ಸೀಸದ ಭಾರ ಕೊಟ್ಟು, ಹೊಳೆಯ ಓಟದ ಜೊತೆ ಹರಿಯಬಿಡುವುದು. ಇದರಲ್ಲಿ ಮನೆಮಾತಾದ ಹೆಸರು ಕಾರ್ಕಿ. ಅದರ ಅಣ್ಣತಮ್ಮಂದಿರಲ್ಲಿ ಸ್ಪಿನ್-ಎನ್-ಗ್ಲೋಗೆ ಎರಡು ಪುಟ್ಟ ರೆಕ್ಕೆಗಳಿದ್ದು ನೀರಲ್ಲಿ ಗಿರಗಿರ ತಿರುಗುತ್ತದೆ. ಓಕಿ ಡ್ರಿಫ್ಟರ್ ಒಂದೇ ಮೊಟ್ಟೆಯಲ್ಲ, ಮೊಟ್ಟೆಗಳ ಗೊಂಚಲು. ಕಾರ್ಕಿ, ಸ್ಪಿನ್-ಎನ್-ಗ್ಲೋ ಎರಡನ್ನೂ ಮಾಡುವ ಯಾಕಿಮಾ ಬೈಟ್ ಕಂಪನಿ ಇರುವುದು ಇದೇ ರಾಜ್ಯದ ಗ್ರೇಂಜರ್ ಎಂಬ ಊರಿನಲ್ಲಿ. ಪೂರ್ವದ ಒಣಪ್ರದೇಶದಲ್ಲಿ ಕೂತು, ಪಶ್ಚಿಮದ ಮಳೆಯಲ್ಲಿ ನೆನೆಯುವವರಿಗೆ ಬಣ್ಣದ ಗುಂಡು ಮಾರುವ ಈ ಉದ್ಯೋಗ ನನಗೆ ಬಹಳ ಬುದ್ಧಿವಂತಿಕೆಯದ್ದಾಗಿ ಕಂಡಿದೆ.

ಇಷ್ಟೆಲ್ಲ ನನಗೆ ಗೊತ್ತಾದದ್ದು ನಮ್ಮ ಭಾವನ ದೆಸೆಯಿಂದ. ನನ್ನ ಹೆಂಡತಿಯ ಅಕ್ಕನ ಯಜಮಾನರು, ಮಂಡ್ಯದವರು, ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಹುಟ್ಟಾ ಸಸ್ಯಾಹಾರಿ. ಕೇಕಿನಲ್ಲಿ ಮೊಟ್ಟೆ ಇದೆಯಾ ಎಂದು ಎರಡೆರಡು ಸಲ ಕೇಳಿ ತಿನ್ನುವ ಮನುಷ್ಯ, ಚಳಿಗಾಲ ಶುರುವಾಯಿತೆಂದರೆ ಸುಳ್ಳು ಮೊಟ್ಟೆಗಳ ಡಬ್ಬಿ ಹಿಡಿದು ಹೊಳೆಗೆ ಹೊರಡುತ್ತಾರೆ. ಮನೆಯಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಕಾನೂನಿನ ಕೃಪೆಯಿಂದ. ಮೀನುಮರಿ ಕೇಂದ್ರದಲ್ಲಿ ಹುಟ್ಟಿದ ಮೀನಿನ ಬೆನ್ನ ಮೇಲೆ, ಬಾಲಕ್ಕೆ ಹತ್ತಿರ ಇರುವ ಪುಟ್ಟ ಅಡಿಪೋಸ್ ರೆಕ್ಕೆಯನ್ನು ಮರಿಯಿದ್ದಾಗಲೇ ಕತ್ತರಿಸಿ ಬಿಟ್ಟಿರುತ್ತಾರೆ. ಆ ರೆಕ್ಕೆ ಇದೆ ಎಂದರೆ ಅದು ಕಾಡುಮೀನು, ಹಿಡಿದವರು ಬಿಡಲೇಬೇಕು. ಭಾವ ಪ್ರತಿ ಸಲವೂ ರೆಕ್ಕೆಯಿರುವ ಮೀನೇ ಸಿಗಲಪ್ಪಾ ಎಂದು ಹರಕೆ ಹೊತ್ತು ಹೊರಡುತ್ತಾರೆ. ರೆಕ್ಕೆಯಿಲ್ಲದ್ದು ಸಿಕ್ಕರೆ ಪಕ್ಕದ ಮನೆಯವರಿಗೆ ಹಬ್ಬ.

ಕಾವೇರಿಯಲ್ಲಿ ಬಿಳಿಮೀನಿಗೆ, ಅದೇ ಮಹಶೀರ್‌ಗೆ, ರಾಗಿ ಹಿಟ್ಟಿನ ಉಂಡೆ ಕಟ್ಟಿ ಗಾಳ ಹಾಕುತ್ತಿದ್ದ ಕಾಲವೊಂದಿತ್ತು. ಭೀಮೇಶ್ವರಿ, ಗಾಲಿಬೋರೆ ಕಡೆ ಬಿಳಿ ಸಾಹೇಬರೂ ರಾಗಿಮುದ್ದೆಯ ಹದ ಕಲಿತಿದ್ದರು. ಮಂಡ್ಯದವರಿಗೆ ಇದು ಬಾಯಿಪಾಠ. "ರಾಗಿ ಹಾಕಿ ನೋಡಬಾರದಾ ಭಾವ?" ಎಂದು ಒಮ್ಮೆ ಕೇಳಿಬಿಟ್ಟೆ. "ಮಹಶೀರ್ ಹಸಿದಿರುತ್ತೆ ಕಣಯ್ಯಾ, ಇದು ಹಸಿದಿರಲ್ಲ. ಹಸಿದವರಿಗೆ ಮುದ್ದೆ ಸಾಕು, ಹಸಿವಿಲ್ಲದೋರಿಗೆ ಬಣ್ಣ ಬೇಕು" ಎಂದರು. ಆ ಮಾತಿನ ಮೊದಲರ್ಧವನ್ನು ನಾನು ಈಗಲೂ ಒಪ್ಪುತ್ತೇನೆ.

ಬಣ್ಣದ ವಿಷಯಕ್ಕೆ ಬಂದರೆ, ಆ ಡಬ್ಬಿಯನ್ನು ನೀವು ನೋಡಬೇಕು. ಖಾನೆ ಖಾನೆಯಾಗಿ ಕೇಸರಿ, ಗುಲಾಬಿ, ಮುತ್ತಿನ ಹೊಳಪಿನ ಗುಲಾಬಿ, ಕೆಂಪು, ಕೆಂಪಿಗೆ ಬೆಳ್ಳಿ ಬಳಿದದ್ದು, ಹಸಿರುಹಳದಿ, ಹಳದಿಯ ಮೇಲೆ ಕೆಂಪು ಚುಕ್ಕೆ, ಕಪ್ಪು. ಅತ್ತೆ ಮೈಸೂರಿನಿಂದ ಬಂದಿದ್ದಾಗ ಊಟದ ಮೇಜಿನ ಮೇಲೆ ಅದು ತೆರೆದು ಕೂತಿತ್ತು.

"ಮಣಿ ಎಲ್ಲಾ ಲಕ್ಷಣವಾಗಿವೆ. ಸರ ಪೋಣಿಸ್ತೀರಾ ಅಳಿಯಂದ್ರೇ?" ಎಂದರು ಅತ್ತೆ.

"ಇಲ್ಲ ಅತ್ತೆ, ಇವು ಮೀನಿಗೆ."

"ಮೀನಿಗೆ ಸರ ಯಾಕೆ?"

ಭಾವ ವಿವರಿಸಿದರು. ಅತ್ತೆ ಶ್ರದ್ಧೆಯಿಂದ ಕೇಳಿದರು. ಕೇಳುತ್ತಾ ಕೇಳುತ್ತಾ, ಅಕ್ಕಿ ಆರಿಸುವವರ ಕೈಯಲ್ಲವೇ, ಎರಡು ಖಾನೆಯ ಗುಲಾಬಿ ಗುಂಡುಗಳನ್ನು ಒಟ್ಟಿಗೆ ಸೇರಿಸಿಬಿಟ್ಟರು. ಭಾವ ಹೌಹಾರಿ, "ಅದು ಬೇರೆ, ಇದು ಬೇರೆ ಅತ್ತೆ! ಇದು ಪಿಂಕ್ ಪರ್ಲ್, ಅದು ಬರೀ ಪಿಂಕ್" ಎಂದು ಒಂದೊಂದನ್ನೇ ಬೆಳಕಿಗೆ ಹಿಡಿದು ಬೇರ್ಪಡಿಸತೊಡಗಿದರು. "ನನ್ನ ಕಣ್ಣಿಗೆ ಎರಡೂ ಒಂದೇ." "ನಿಮ್ಮ ಕಣ್ಣಿಗೆ ಒಂದೇ, ಮೀನಿನ ಕಣ್ಣಿಗೆ ಬೇರೆ." "ಅದು ಬಂದು ಹೇಳಿತಾ?" ಎಂದು ಕೇಳಿ ಅತ್ತೆ ಒಳಗೆ ಹೋದರು. ಗಾಳದ ಸಾಹಿತ್ಯದಲ್ಲಿ ಈ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಬಣ್ಣದ ಶಾಸ್ತ್ರ ಪೂರ್ತಿ ಬೊಗಳೆಯೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನೀರಿಗಿಳಿದ ಬೆಳಕಿನಲ್ಲಿ ಕೆಂಪು ಮೊದಲು ಮಂಕಾಗುತ್ತದೆ. ಫ್ಲೋರೊಸೆಂಟ್ ಬಣ್ಣಗಳು ಮಾತ್ರ ನೀಲಿ, ಹಸಿರು ಬೆಳಕನ್ನು ಹೀರಿಕೊಂಡು ಕೆಂಪು ಕೇಸರಿಯಾಗಿ ವಾಪಸು ಬೀರುವುದರಿಂದ, ಮೋಡ ಕವಿದ ಮುಂಜಾನೆಯ ಕದಡಿದ ನೀರಲ್ಲೂ ಎದ್ದು ಕಾಣುತ್ತವೆ. ಹಾಗಾಗಿ ನೀರು ಬಗ್ಗಡವಾಗಿದ್ದರೆ ದೊಡ್ಡ ಗುಂಡು, ಕಣ್ಣಿಗೆ ಹೊಡೆಯುವ ಬಣ್ಣ. ನೀರು ತಿಳಿಯಾಗಿದ್ದರೆ ಸಣ್ಣ ಗುಂಡು, ಸೌಮ್ಯ ಬಣ್ಣ. ತೀರಾ ತಿಳಿಯಾಗಿ, ಬಿಸಿಲೂ ಬಿದ್ದಿದ್ದರೆ ಕಪ್ಪನ್ನು ಹಾಕುವವರೂ ಉಂಟು. ಮೇಲಿನ ಬೆಳಕಿಗೆ ಅದರ ನೆರಳುರೂಪ ಚೆನ್ನಾಗಿ ಕಾಣುತ್ತದೆ. ಬಗ್ಗಡಕ್ಕೂ ತಿಳಿಗೂ ನಡುವೆ, ಮಳೆ ನಿಂತು ಹೊಳೆ ಇಳಿಯುತ್ತಿರುವಾಗ, ಮೂರು ನಾಲ್ಕಡಿ ಆಳದ ಕಲ್ಲು ಕಂಡೂ ಕಾಣದಂತಿರುವ ಹಸಿರು ಬಣ್ಣವೊಂದು ನೀರಿಗೆ ಬರುತ್ತದೆ. ಅದನ್ನು ನೋಡಿದ ಗಾಳದವರಿಗೆ ಆಫೀಸಿನಲ್ಲಿ ಕೂತರೂ ಮೈ ನಿಲ್ಲುವುದಿಲ್ಲ. ಹೊಳೆಯ ಮಟ್ಟ ಎಷ್ಟಿದೆ ಎಂದು ಗಂಟೆಗೊಮ್ಮೆ ತೋರಿಸುವ ಸರ್ಕಾರಿ ಅಳತೆಯಂತ್ರಗಳಿವೆ. ಮೀಟಿಂಗಿನ ಮಧ್ಯೆ ಭಾವ ಗಂಭೀರವಾಗಿ ಲ್ಯಾಪ್‌ಟಾಪ್ ನೋಡುತ್ತಿದ್ದರೆ ಅದು ಸ್ಕೈಕೋಮಿಶ್ ಹೊಳೆಯ ಗ್ರಾಫ್ ಎಂದು ತಿಳಿಯಬಹುದು.

ಶಾಸ್ತ್ರ ಇಷ್ಟೇ. ಇದಕ್ಕೆ ಮೂರು ಬಣ್ಣ, ಮೂರು ಗಾತ್ರ ಸಾಕು. ಅಂಗಡಿಯಲ್ಲಿ ಮಾತ್ರ ಗೋಡೆಯುದ್ದಕ್ಕೂ ತೂಗುಹಾಕಿರುತ್ತಾರೆ. ಆ ಗೋಡೆ ಮೀನಿಗೆಂದು ಕಟ್ಟಿದ್ದಲ್ಲ. ಅದಕ್ಕೆ ಬೀಳುವ ಪ್ರಾಣಿ ಎರಡು ಕಾಲಿನದು, ಕ್ರೆಡಿಟ್ ಕಾರ್ಡ್ ಇರುವಂಥದ್ದು. ಗಾತ್ರದ ನಂಬರಿನಲ್ಲೂ ಒಂದು ಕೀಟಲೆಯಿದೆ: ಹದಿನಾಲ್ಕು ಎಂದರೆ ಚಿಕ್ಕದು, ನಾಲ್ಕು ಎಂದರೆ ದೊಡ್ಡದು. ಹೊಸಬರು ದೊಡ್ಡದು ಬೇಕೆಂದು ದೊಡ್ಡ ನಂಬರು ಆರ್ಡರ್ ಮಾಡಿ, ಸಾಸಿವೆ ಸೈಜಿನದು ಬಂತೆಂದು ಗೋಳಾಡುವುದು ವಾಡಿಕೆ.

ಇನ್ನು ಕಟ್ಟುವ ಕೆಲಸ. ಕೊಕ್ಕೆಗೆ ಲೀಡರನ್ನು, ಅಂದರೆ ಮುಖ್ಯ ದಾರದ ತುದಿಗೆ ಸೇರಿಸುವ ತುಂಡು ದಾರವನ್ನು, ಎಗ್ ಲೂಪ್ ಎಂಬ ಗಂಟಿನಿಂದ ಕಟ್ಟುತ್ತಾರೆ. ದಾರದ ಒಂದು ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಕೊಕ್ಕೆಯ ಕಾಲಿಗೆ ಒತ್ತಿಹಿಡಿದು, ಅದರ ಮೇಲೆ ಹತ್ತು ಹನ್ನೆರಡು ಸುತ್ತು ಬಿಗಿಯಾಗಿ ಸುತ್ತಬೇಕು. ಸುತ್ತು ಬಿಚ್ಚದಂತೆ ಬೆರಳಲ್ಲಿ ಅದುಮಿಕೊಂಡು, ದಾರದ ಇನ್ನೊಂದು ತುದಿಯನ್ನು ಅದೇ ಕಣ್ಣಿನಲ್ಲಿ ಎದುರುಬದಿಯಿಂದ ತಂದು, ಮತ್ತೆ ಐದಾರು ಸುತ್ತು ಹಾಕಿ ಎಳೆಯಬೇಕು. ಕಾಲಿನ ಮೇಲೊಂದು ಪುಟ್ಟ ಕುಣಿಕೆ ಉಳಿಯುತ್ತದೆ. ಈ ಕೆಲಸಕ್ಕೆ ಮೂರು ಕೈ ಬೇಕು. ಇರುವ ಎರಡೂ ಮರಗಟ್ಟಿರುತ್ತವೆ. ಅದಕ್ಕೇ ತಿಳಿದವರು ಹಿಂದಿನ ರಾತ್ರಿಯೇ ಮನೆಯಲ್ಲಿ ಕಟ್ಟಿಟ್ಟುಕೊಳ್ಳುತ್ತಾರೆ. ಭಾವ ಟಿವಿ ಮುಂದೆ ಕೂತು ಕಟ್ಟುವಾಗ ಮೂರನೆಯ ಕೈ ನಮ್ಮ ಅಕ್ಕನದು. "ಹೂವು ಕಟ್ಟಿಕೊಡಿ ಅಂದ್ರೆ ಬರಲ್ಲ, ಇದು ಬರುತ್ತೆ" ಎನ್ನುತ್ತಲೇ ಅಕ್ಕ ಬೆರಳು ಒತ್ತಿಹಿಡಿಯುತ್ತಾರೆ.

ಆ ಕುಣಿಕೆ ಹುಟ್ಟಿದ್ದು ನಿಜವಾದ ಮೊಟ್ಟೆಗೊಂಚಲನ್ನು ಹಿಡಿದಿಡಲಿಕ್ಕೆ. ಡ್ರಿಫ್ಟ್ ಲ್ಯೂರ್ ಕಟ್ಟುವಾಗ ಅದರಲ್ಲಿ ಒಂದು ತುಣುಕು ಬಣ್ಣದ ನೂಲನ್ನು ಸಿಕ್ಕಿಸಿ, ಅಂಚು ಕತ್ತರಿಸಿ, ಬಾಚಿ ಎಬ್ಬಿಸುತ್ತಾರೆ. ನೀರಲ್ಲಿ ಅದು ಮೆತ್ತಗೆ ಉಸಿರಾಡಿದಂತೆ ಕಾಣುತ್ತದೆ ಎನ್ನುವುದು ಕವಿಗಳ ಮಾತು. ಕೆಲಸದ ಮಾತು ಏನೆಂದರೆ, ಸ್ಟೀಲ್‌ಹೆಡ್‌ನ ಸಣ್ಣ ಹಲ್ಲುಗಳಿಗೆ ನೂಲಿನ ಎಳೆ ಸಿಕ್ಕಿಕೊಳ್ಳುತ್ತದೆ. ಗಟ್ಟಿ ಗುಂಡನ್ನು ಕಚ್ಚಿ ತಕ್ಷಣ ಉಗುಳಲು ಹೊರಟ ಮೀನಿಗೆ ಅರೆಗಳಿಗೆ ತಡವಾಗುತ್ತದೆ. ಆ ಅರೆಗಳಿಗೆಯಲ್ಲೇ ಎಲ್ಲ ಇರುವುದು. ಅಕ್ಕನ ಸ್ವೆಟರ್ ಬುಟ್ಟಿಯಿಂದ ಪೀಚ್ ಬಣ್ಣದ ಉಂಡೆ ಕಾಣೆಯಾದದ್ದರ ಬಗ್ಗೆ ತನಿಖೆ ಇನ್ನೂ ನಡೆದಿದೆ.

ಕಾರ್ಕಿ ಕೊಕ್ಕೆಯ ಮೇಲೆಯೇ ಬಂದು ಕೂರುತ್ತದೆ. ನಡುವೆ ಒಂದು ಸಣ್ಣ ಮಣಿ ಹಾಕಿದರೆ ಒಳ್ಳೆಯದು. ಸ್ಪಿನ್-ಎನ್-ಗ್ಲೋಗೆ ಮಾತ್ರ ಮಣಿ ಬೇಕೇ ಬೇಕು. ಅದು ತಿರುಗಲು ಆ ಮಣಿಯೇ ಬೇರಿಂಗು. ಇಲ್ಲದಿದ್ದರೆ ಗಂಟಿಗೆ ಉಜ್ಜಿಕೊಂಡು ನಿಂತುಬಿಡುತ್ತದೆ, ರೆಕ್ಕೆಗೆ ಕೊಟ್ಟ ಕಾಸು ದಂಡ. ಇನ್ನೊಂದು ಮುಖ್ಯ ಸಂಗತಿ, ಗುಂಡಿಗೂ ಕೊಕ್ಕೆಗೂ ಈಡು ಜೋಡು ಸರಿಯಿರಬೇಕು. ಗುಂಡು ತೀರಾ ದೊಡ್ಡದಾದರೆ ಕೊಕ್ಕೆಯ ಬಾಯಿಯನ್ನೇ ಮುಚ್ಚಿಕೊಂಡು ಕೂರುತ್ತದೆ. ಮೀನು ಕಚ್ಚಿದರೂ ಚುಚ್ಚುವುದಿಲ್ಲ. ತೇಲುವ ಶಕ್ತಿಯೂ ಅಷ್ಟೇ. ಗುಂಡು ಕೊಕ್ಕೆಯನ್ನು ತಳದ ಕಲ್ಲಿನಿಂದ ತುಸು ಮೇಲೆತ್ತಿ ಹಿಡಿಯಬೇಕು, ಆಕಾಶಕ್ಕೆ ಹಾರಿಸಬಾರದು. ಭಾವ ಇದನ್ನು ಅಡುಗೆಮನೆಯಲ್ಲಿ ಪರೀಕ್ಷೆ ಮಾಡುತ್ತಾರೆ: ಸ್ಟೀಲ್ ಬೋಗುಣಿಯ ತುಂಬ ನೀರು, ಅದರಲ್ಲಿ ಕೊಕ್ಕೆ ಕಟ್ಟಿದ ಕಾರ್ಕಿ. ಕೊಕ್ಕೆಯ ಭಾರಕ್ಕೆ ನಿಧಾನವಾಗಿ ಇಳಿಯಿತೋ, ನಡುವೆ ತೂಗಾಡಿತೋ, ಬುಳಕ್ಕನೆ ಮೇಲೆ ಬಂತೋ ಎಂದು ಬಗ್ಗಿ ನೋಡುತ್ತಾರೆ. ಆ ಬೋಗುಣಿಯಲ್ಲಿ ಆಮೇಲೆ ಚಪಾತಿ ಹಿಟ್ಟು ಕಲಸುತ್ತಾರೆ ಎಂದು ತಿಳಿದಾಗಿನಿಂದ ನಾನು ಅವರ ಮನೆಗೆ ಹೋದರೆ ಅನ್ನವನ್ನೇ ಕೇಳುತ್ತೇನೆ.

ಲೀಡರ್ ಉದ್ದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಗ್ಗಡ ನೀರಿಗೆ ಒಂದೂವರೆ ಎರಡಡಿ, ತಿಳಿನೀರಿಗೆ ಮೂರು ನಾಲ್ಕಡಿ. ಮುಖ್ಯ ದಾರಕ್ಕಿಂತ ಲೀಡರ್ ಸ್ವಲ್ಪ ಕಡಿಮೆ ತಾಕತ್ತಿನದಿರಲಿ, ಕಲ್ಲಿಗೆ ಸಿಕ್ಕಿದಾಗ ಅಲ್ಲೇ ತುಂಡಾಗಿ ಮಿಕ್ಕದ್ದು ಉಳಿಯುತ್ತದೆ. ಅದರಿಂದ ಮೇಲಕ್ಕೆ, ಎರಡು ದಾರಗಳನ್ನೂ ಜೋಡಿಸುವ ತಿರುಗುಕೊಂಡಿ, ಸ್ವಿವೆಲ್. ಸ್ವಿವೆಲ್‌ನ ಹತ್ತಿರ ಸೀಸ.

ಈಗ ಸೀಸ. ನಾನು ಹೇಳಬೇಕೆಂದು ಹೊರಟದ್ದೇ ಇದನ್ನು. ಬಣ್ಣ ಅಡ್ಡ ಬಂತು, ಎಲ್ಲರಿಗೂ ಬರುವ ಹಾಗೆ.

ಅಂಗಡಿಯಲ್ಲಿ ಸೀಸ ಸಿಗುವುದು ಮೂಲೆಯಲ್ಲಿ, ನೆಲದ ಹತ್ತಿರ. ಪೆನ್ಸಿಲ್ ಲೆಡ್ ಎಂದು ಸುರುಳಿ ಸುತ್ತಿ ಮಾರುತ್ತಾರೆ. ಕಡ್ಡಿಯಂಥ ಮೆತ್ತನೆಯ ಸೀಸ, ಇಕ್ಕಳದಲ್ಲಿ ಬೇಕಾದಷ್ಟು ಕತ್ತರಿಸಿಕೊಳ್ಳಬಹುದು. ಸ್ವಿವೆಲ್‌ಗೆ ಒಂದು ತುಂಡು ಸರ್ಜಿಕಲ್ ರಬ್ಬರ್ ಕೊಳವೆ ಸಿಕ್ಕಿಸಿ, ಅದರೊಳಗೆ ಸೀಸದ ತುದಿ ತುರುಕುತ್ತಾರೆ. ಸೀಸ ಕಲ್ಲುಸಂದಿಗೆ ಸಿಕ್ಕಿದರೆ ಎಳೆದಾಗ ಅದಷ್ಟೇ ಕಳಚಿ ಹೋಗುತ್ತದೆ, ಮೇಲಿನ ಅಲಂಕಾರವೆಲ್ಲ ವಾಪಸು. ಇನ್ನೊಂದು ಬಗೆ ಸ್ಲಿಂಕಿ: ಪ್ಯಾರಾಶೂಟ್ ಹಗ್ಗದ ಟೊಳ್ಳು ಚೀಲದೊಳಗೆ ಸೀಸದ ಚಿಕ್ಕ ಗುಂಡು ತುಂಬಿ, ಎರಡೂ ತುದಿ ಸುಟ್ಟು ಮುಚ್ಚಿದ್ದು. ಕಲ್ಲುಗಳ ಮೇಲೆ ಬಳುಕಿಕೊಂಡು ಹೋಗುತ್ತದೆ, ಸಿಕ್ಕಿಕೊಳ್ಳುವುದು ಕಡಿಮೆ. ಇವುಗಳಲ್ಲಿ ಬಣ್ಣವಿಲ್ಲ, ಹೊಳಪಿಲ್ಲ, ಹೆಸರಿಲ್ಲ. ಅದಕ್ಕೇ ಇವುಗಳ ಬಗ್ಗೆ ಯಾರೂ ಗಂಟೆಗಟ್ಟಲೆ ಮಾತಾಡುವುದಿಲ್ಲ.

ಮಾತಾಡಬೇಕು. ತಣ್ಣೀರಿನ ಸ್ಟೀಲ್‌ಹೆಡ್ ಮೂರರಿಂದ ಎಂಟಡಿ ಆಳದಲ್ಲಿ, ಮನುಷ್ಯ ನಡೆಯುವಷ್ಟು ವೇಗದ ನೀರಿನಲ್ಲಿ, ತಳಕ್ಕೆ ಹೊಟ್ಟೆ ಹಚ್ಚಿ ಮಲಗಿರುತ್ತದೆ. ಬಡಿಸುವುದಿದ್ದರೆ ಅದರ ಮೂಗಿನ ಮುಂದೆಯೇ ಬಡಿಸಬೇಕು. ಎರಡಡಿ ಮೇಲೆ ಹೋದದ್ದಕ್ಕೆ ಅದು ಏಳುವುದಿಲ್ಲ. ಹೊಳೆಯಲ್ಲಿ ಮೇಲಿನ ನೀರು ಬೇಗ ಓಡುತ್ತದೆ, ತಳದ ನೀರು ಕಲ್ಲಿಗೆ ಉಜ್ಜಿಕೊಂಡು ನಿಧಾನ. ನಿಮ್ಮ ದಾರ ಮೇಲಿನ ನೀರಿನಲ್ಲಿದೆ, ಗುಂಡು ತಳದಲ್ಲಿದೆ. ದಾರವನ್ನು ಹೊಳೆ ಎಳೆದುಕೊಂಡು ಹೋದರೆ ಗುಂಡೂ ಅದರ ಹಿಂದೆ ಧಾವಿಸುತ್ತದೆ. ಹಾಗೆ ಧಾವಿಸುವ ಮೊಟ್ಟೆಯನ್ನು ಯಾವ ಮೀನೂ ಕಂಡಿಲ್ಲ. ಈ ಓಟಕ್ಕೆ ಕಡಿವಾಣ ಹಾಕುವುದು ಸೀಸ. ಭಾರ ಹೆಚ್ಚಾದರೆ ತಳದಲ್ಲಿ ಲಂಗರು ಹಾಕಿ ಕೂರುತ್ತದೆ. ಕಡಿಮೆಯಾದರೆ ಮೀನಿನ ತಲೆಯ ಮೇಲಿಂದ ವಿಮಾನ. ಸರಿಯಿದ್ದರೆ ಟಿಕ್... ಟಿಕ್... ಎಂದು ಎರಡು ಮೂರಡಿಗೊಮ್ಮೆ ಕಲ್ಲು ಮುಟ್ಟಿ, ಹಾರಿ, ಮತ್ತೆ ಮುಟ್ಟಿ ನಡೆಯುತ್ತದೆ. ಆ ಟಿಕ್ಕು ದಾರ ಹತ್ತಿ, ಒಂಬತ್ತಡಿ ರಾಡ್ ಇಳಿದು, ಬೆರಳಿಗೆ ಬರುತ್ತದೆ. ಮೇಲೋಟಕ್ಕೆ ಓರೆಯಾಗಿ ಎಸೆದು, ರಾಡ್ ಎತ್ತಿ ದಾರವನ್ನು ನೀರಿನಿಂದ ಆದಷ್ಟು ಹೊರಗಿಟ್ಟು, ಆ ಸದ್ದಿಲ್ಲದ ಸದ್ದನ್ನು ಕೇಳುತ್ತಾ ಕೆಳಗಿನವರೆಗೆ ಬಿಡುವುದೇ ಈ ವಿದ್ಯೆಯ ಮುಕ್ಕಾಲು.

ಕಚ್ಚಿದ್ದು ಗೊತ್ತಾಗುವುದೂ ಅದರಿಂದಲೇ. ಸಿನಿಮಾದಲ್ಲಿ ತೋರಿಸುವಂತೆ ರಾಡ್ ಮುರಿಯುವ ಹಾಗೆ ಬಾಗುವುದು ಆಮೇಲಿನ ಮಾತು. ಮೊದಲು ಟಿಕ್ಕು ನಿಲ್ಲುತ್ತದೆ, ಅಷ್ಟೇ. ಅಥವಾ ಕಲ್ಲಿನ ಗಡಸು ಹೋಗಿ ಏನೋ ಮೆತ್ತಗಾದಂತೆ ಅನಿಸುತ್ತದೆ. ಆಗ ಎಳೆಯಬೇಕು. ಹತ್ತರಲ್ಲಿ ಒಂಬತ್ತು ಸಲ ಅದು ಕಲ್ಲೇ. ಮಿಕ್ಕಿದ್ದು ಕೊಂಬೆ.

ಸ್ಕೈಕೋಮಿಶ್ ದಂಡೆಯಲ್ಲಿ, ಗೋಲ್ಡ್ ಬಾರ್ ಹತ್ತಿರ ರೈಟರ್ ಪಾಂಡ್ಸ್ ಎಂಬ ಮೀನುಮರಿ ಕೇಂದ್ರವಿದೆ. ಅಲ್ಲಿಗೇ ಹಿಂದಿರುಗುವ ಮೀನುಗಳಿಗಾಗಿ ಜನ ಹೆಗಲಿಗೆ ಹೆಗಲು ತಾಗಿಸಿ ನಿಂತಿರುತ್ತಾರೆ. ಬೆಳಗಿನ ಎಂಟು ಗಂಟೆಯಾದರೂ ಸೂರ್ಯ ಸರಿಯಾಗಿ ಎದ್ದಿರುವುದಿಲ್ಲ. ರಾಡಿನ ಬಳೆಗಳಲ್ಲಿ ನೀರು ಹೆಪ್ಪುಗಟ್ಟಿ ದಾರ ಓಡುವುದಿಲ್ಲ. ಬಾಯಿಂದ ಊದಿ ಕರಗಿಸಿಕೊಳ್ಳುತ್ತಾರೆ. ಇಲ್ಲಿ ಒಂದು ಶಿಸ್ತು ಇದೆ. ಮೇಲಿನವನು ಎಸೆದ ಮೇಲೆ ಪಕ್ಕದವನು, ಅವನ ಮೇಲೆ ಅವನ ಪಕ್ಕದವನು. ಎಲ್ಲರ ಸೀಸವೂ ಒಂದೇ ವೇಗದಲ್ಲಿ ನಡೆಯಬೇಕು. ಒಬ್ಬನ ಭಾರ ಹೆಚ್ಚಾಗಿ ನಿಂತುಬಿಟ್ಟರೆ ಮೇಲಿನಿಂದ ಬಂದ ಐದಾರು ಗಾಳ ಅವನದಕ್ಕೆ ಸುತ್ತಿಕೊಂಡು, ಹೊಳೆದಂಡೆಯಲ್ಲಿ ಅಂತರರಾಷ್ಟ್ರೀಯ ಬೈಗುಳ ಕೇಳಿಬರುತ್ತದೆ. ಕನ್ನಡದ್ದೂ ಒಂದೆರಡು ನಾನು ಅಲ್ಲಿ ಕೇಳಿದ್ದೇನೆ. ಭಾವ ಅಲ್ಲ ಎನ್ನುತ್ತಾರೆ.

ನನ್ನ ಕೆಲಸ ಫ್ಲಾಸ್ಕ್ ಹಿಡಿದು ದಂಡೆಯ ಮೇಲೆ ಕೂರುವುದು. ಕೂತವನಿಗೆ ಆಡುವವನಿಗಿಂತ ಚೆನ್ನಾಗಿ ಕಾಣುತ್ತದೆ. ಭಾವ ಒಂದು ಬೆಳಿಗ್ಗೆ ಡಬ್ಬಿಯ ಬಣ್ಣಗಳನ್ನು ಸರದಿಯಲ್ಲಿ ಹಾಕಿ ತೆಗೆದರು. ಕೇಸರಿ ಆಯಿತು, ಪಿಂಕ್ ಆಯಿತು, ಪಿಂಕ್ ಪರ್ಲ್ ಆಯಿತು. ಸೀಸ ಮಾತ್ರ ಅದೇ ಉದ್ದನೆಯ ತುಂಡು, ಹೆಜ್ಜೆಹೆಜ್ಜೆಗೂ ನಿಲ್ಲುತ್ತಿತ್ತು. ಕೊನೆಗೆ ಅದು ಒಂದು ಬಂಡೆಗೆ ಸಿಕ್ಕಿ ಕೊಳವೆಯಿಂದ ಕಳಚಿಹೋಯಿತು. ಜೇಬಿನಲ್ಲಿ ಉಳಿದಿದ್ದದ್ದು ಬೆರಳಿನ ಗೆಣ್ಣಿನಷ್ಟು ಚೂರು. ಅದನ್ನೇ ಸಿಕ್ಕಿಸಿ, ಹೇಗೂ ನಿಂತಿದ್ದೇನಲ್ಲ ಎಂದು ಕಾರ್ಕಿಯನ್ನೂ ಬೆಳ್ಳಿಕೆಂಪಿಗೆ ಬದಲಾಯಿಸಿದರು. ಎಸೆದದ್ದು ಮೊದಲ ಬಾರಿಗೆ ನಡೆಯತೊಡಗಿತು, ನನಗೆ ದಂಡೆಯಿಂದಲೇ ರಾಡಿನ ತುದಿ ಮಿಡಿಯುವುದು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ತುದಿ ನಿಂತಿತು. ಭಾವ ಎಳೆದರು. ಹೊಳೆಯ ನಡುವಿನಿಂದ ಬೆಳ್ಳಿಯ ಮೈಯೊಂದು ಚಿಮ್ಮಿ, ರೀಲ್ ಕಿರುಚಿ, ಪಕ್ಕದವರೆಲ್ಲ ಮರ್ಯಾದೆಯಿಂದ ತಮ್ಮ ದಾರ ಎಳೆದುಕೊಂಡು ಜಾಗ ಬಿಟ್ಟರು.

"ನೋಡಿದ್ಯೇನಯ್ಯಾ? ಬೆಳ್ಳಿಕೆಂಪು! ಇಷ್ಟು ದಿನ ಇದನ್ನ ಹಾಕದೇ ಕೆಟ್ಟೆ."

"ಸೀಸ ಚಿಕ್ಕದಾಯ್ತಲ್ಲ ಭಾವ."

"ಸೀಸಕ್ಕೇನು ಮೀನು ಕಚ್ಚುತ್ತೇನೋ?"

ವಾಪಸು ಬರುವಾಗ ದಾರಿಯಲ್ಲಿ ಅಂಗಡಿಗೆ ನುಗ್ಗಿ ಬೆಳ್ಳಿಕೆಂಪು ಕಾರ್ಕಿಗಳನ್ನು ಇದ್ದಷ್ಟೂ ಬಾಚಿಕೊಂಡರು. ಸೀಸದ ಮೂಲೆಯ ಕಡೆ ತಿರುಗಿಯೂ ನೋಡಲಿಲ್ಲ. ಬಣ್ಣದ ಕೀರ್ತಿ ಬೆಳೆಯುವುದು ಹೀಗೆಯೇ. ಮೀನು ಸಿಕ್ಕಾಗ ದಾರದ ತುದಿಯಲ್ಲಿ ಯಾವುದಾದರೂ ಒಂದು ಬಣ್ಣ ಇದ್ದೇ ಇರುತ್ತದೆ, ಸಾಕ್ಷಿ ಸಿಕ್ಕಿಹಾಕಿಕೊಳ್ಳುತ್ತದೆ. ಆ ಬಣ್ಣವನ್ನು ಆಮೇಲೆ ಹೆಚ್ಚು ಹೊತ್ತು ನೀರಿನಲ್ಲಿಡುತ್ತಾರೆ, ಹೆಚ್ಚು ಹೊತ್ತು ನೀರಿನಲ್ಲಿದ್ದದ್ದಕ್ಕೆ ಹೆಚ್ಚು ಮೀನು ಸಿಗುತ್ತದೆ, ಹೇಳಿರಲಿಲ್ಲವೇ ಎನ್ನುತ್ತಾರೆ.

ಇಂಥ ಪಂಡಿತರಿಗೆಲ್ಲ ನಾನು ಒಂದು ದಾಖಲೆ ನೆನಪಿಸುತ್ತಿರುತ್ತೇನೆ. ಸ್ಟೀಲ್‌ಹೆಡ್‌ನ ವಿಶ್ವದಾಖಲೆ 42 ಪೌಂಡ್ 2 ಔನ್ಸ್. ಅದನ್ನು 1970ರಲ್ಲಿ ಅಲಾಸ್ಕಾದ ಬೆಲ್ ಐಲೆಂಡ್ ಹತ್ತಿರ ಹಿಡಿದವನು ಎಂಟು ವರ್ಷದ ಒಬ್ಬ ಹುಡುಗ. ಹೋಗಿದ್ದದ್ದು ಸಾಲ್ಮನ್ ಹಿಡಿಯಲಿಕ್ಕೆ. ಪಿಂಕಿಗೂ ಪಿಂಕ್ ಪರ್ಲ್‌ಗೂ ವ್ಯತ್ಯಾಸ ಅವನಿಗೆ ಗೊತ್ತಿತ್ತು ಎಂದು ಎಲ್ಲೂ ಬರೆದಿಲ್ಲ.

ಕಾನೂನಿನ ಮಾತು ಸ್ವಲ್ಪ ಆಡಲೇಬೇಕು, ಯಾಕೆಂದರೆ ಈ ಮೀನಿನ ಕಾಲ ಚೆನ್ನಾಗಿಲ್ಲ. ಪ್ಯೂಜೆಟ್ ಸೌಂಡ್ ಎಂಬ ಕೊಲ್ಲಿಗೆ ಸೇರುವ ಹೊಳೆಗಳ ಸ್ಟೀಲ್‌ಹೆಡ್‌ಗಳನ್ನು 2007ರಲ್ಲಿ ಕೇಂದ್ರ ಸರ್ಕಾರ ಅಪಾಯದ ಪಟ್ಟಿಗೆ ಸೇರಿಸಿತು. ಫೋರ್ಕ್ಸ್ ಎಂಬ ಮಳೆಯೂರಿನ ಸುತ್ತ ಇರುವ ಹೋ, ಸೋಲ್ ಡಕ್, ಬೋಗಶೀಲ್ ಹೊಳೆಗಳು ಕಾಡುಮೀನಿಗೆ ಹೆಸರುವಾಸಿ; ಅಲ್ಲೂ ಮೀನು ಕಡಿಮೆಯಾಗಿ, 2020ರ ಡಿಸೆಂಬರಿನಲ್ಲಿ ಕರಾವಳಿಯ ಹೊಳೆಗಳಲ್ಲಿ ನಿಜವಾದ ಎರೆ ಹಾಕುವುದನ್ನೂ ದೋಣಿಯ ಮೇಲಿಂದ ಗಾಳ ಬೀಸುವುದನ್ನೂ ನಿಲ್ಲಿಸಿದರು. ಮುಳ್ಳಿಲ್ಲದ ಒಂಟಿ ಕೊಕ್ಕೆಯೇ ಆಗಬೇಕೆಂದರು. ಅಂದಿನಿಂದ ಪ್ರತಿ ಹಂಗಾಮಿಗೂ ನಿಯಮ ಬೇರೆ ಬೇರೆ, ಹೊಳೆಯಿಂದ ಹೊಳೆಗೂ ಬೇರೆ. ನಿಜ ಮೊಟ್ಟೆ ಹಾಕುವಂತಿಲ್ಲದ ಕಡೆ ಸುಳ್ಳು ಮೊಟ್ಟೆಗೆ ಬೆಲೆ ಬರುವುದು ಸಹಜ. ಇನ್ನೊಂದು, ಬಿಡಬೇಕಾದ ಕಾಡುಮೀನನ್ನು ವಾಷಿಂಗ್ಟನ್‌ನಲ್ಲಿ ನೀರಿನಿಂದ ಪೂರ್ತಿ ಹೊರಗೆತ್ತುವಂತಿಲ್ಲ. ಎದೆಗೆ ಅಪ್ಪಿಕೊಂಡು ಫೋಟೋ ತೆಗೆಸಿಕೊಂಡು ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಕೆಂಬ ಆಸೆಯಿದ್ದರೆ ಬಗ್ಗಿ, ನೀರಿನಲ್ಲೇ ಹಿಡಿದು ತೆಗೆಸಿಕೊಳ್ಳಬೇಕು. ಭಾವನ ಫೋಟೋಗಳಲ್ಲಿ ಅದಕ್ಕೇ ಮೀನಿಗಿಂತ ಅವರ ಟೋಪಿ ಹೆಚ್ಚು ಕಾಣುತ್ತದೆ.

ಲೈಸೆನ್ಸಿನ ಜೊತೆ ಕ್ಯಾಚ್ ಕಾರ್ಡ್ ಎಂದು ಒಂದು ಚೀಟಿ ಬರುತ್ತದೆ. ಇಟ್ಟುಕೊಂಡ ಪ್ರತಿ ಸ್ಟೀಲ್‌ಹೆಡ್ಡನ್ನೂ ಅಲ್ಲೇ ಹೊಳೆದಂಡೆಯಲ್ಲಿ ಅದರಲ್ಲಿ ಬರೆದು, ವರ್ಷ ಮುಗಿದ ಮೇಲೆ ಏಪ್ರಿಲ್ 30ರೊಳಗೆ ರಾಜ್ಯದ ಮೀನು ಇಲಾಖೆಗೆ ಲೆಕ್ಕ ಒಪ್ಪಿಸಬೇಕು. ಒಂದೂ ಸಿಗದಿದ್ದರೂ ಒಪ್ಪಿಸಬೇಕು. ಸೊನ್ನೆಯನ್ನು ಸಹಿ ಹಾಕಿ ಸರ್ಕಾರಕ್ಕೆ ಕಳಿಸುವ ಸುಖ ಬೇರೆ ಯಾವ ಹವ್ಯಾಸದಲ್ಲಿದೆಯೋ ನಾನು ಕಾಣೆ.

ಹೋಗಬೇಕೆನಿಸಿದರೆ ಹೋಗಿ. ಆ ದಿನದ ನಿಯಮವನ್ನು ಇಲಾಖೆಯ ಪಟ್ಟಿಯಲ್ಲಿ ನೋಡಿಕೊಂಡು, ಒಂದು ಕೇಸರಿ, ಒಂದು ಗುಲಾಬಿ, ಒಂದು ಕಪ್ಪು ಕಾರ್ಕಿ ತೆಗೆದುಕೊಳ್ಳಿ; ಒಂದು ದೊಡ್ಡದು, ಒಂದು ನಡುವಿನದು, ಒಂದು ಸಣ್ಣದಿದ್ದರೆ ಸಾಕು. ಗೋಡೆಯ ಕಡೆ ಇನ್ನೊಮ್ಮೆ ನೋಡಬೇಡಿ. ಉಳಿದ ದುಡ್ಡಿಗೆ ಸೀಸ ಕೊಳ್ಳಿ.